ಹಲವು ಚಿಪ್, ಒಂದೇ ಪ್ಯಾಕೇಜು



ಬೆಂಗಳೂರಿನಿಂದ ಕೋಲಾರಕ್ಕೆ ಬರುವ ಹೆದ್ದಾರಿಯಲ್ಲಿ ಹೊಸಕೋಟೆ ದಾಟಿ ಮುಂದೆ ಬಂದರೆ ನರಸಾಪುರದ ಕೈಗಾರಿಕಾ ಪ್ರದೇಶ ಸಿಗುತ್ತದೆ. ಐಫೋನ್ ಜೋಡಿಸುವ ದೊಡ್ಡ ಕಾರ್ಖಾನೆ ಇರುವುದು ಇಲ್ಲೇ. ತೈವಾನಿನ ವಿಸ್ಟ್ರಾನ್ ಕಂಪನಿ 2020ರಲ್ಲಿ ಶುರುಮಾಡಿದ ಈ ಘಟಕ 2023ರಲ್ಲಿ ಟಾಟಾ ಸಮೂಹದ ಕೈಗೆ ಬಂತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹುಡುಗ ಹುಡುಗಿಯರಿಗೆ ನರಸಾಪುರ ಎಂದರೆ ಪಾಳಿಯ ಕೆಲಸ, ತಿಂಗಳ ಸಂಬಳ, ಕಂಪನಿಯ ಬಸ್ಸು.

ಅಲ್ಲಿ ಕೈಯಿಂದ ಕೈಗೆ ಸಾಗುವ ಫೋನಿನ ಹೃದಯಭಾಗದಲ್ಲಿ ಬೆರಳುಗುರಿನಷ್ಟು ಅಗಲದ ಒಂದು ಕಪ್ಪು ಚೌಕವಿದೆ. ಹೊರಗಿನಿಂದ ನೋಡಿದವರು ಅದನ್ನು ಒಂದೇ ಚಿಪ್ ಎನ್ನುತ್ತಾರೆ. ಒಳಗಿರುವುದು ಒಂದಲ್ಲ. ಕೆಳಗೆ ಆಪಲ್ ಕಂಪನಿ ತನಗಾಗಿಯೇ ವಿನ್ಯಾಸ ಮಾಡಿಕೊಂಡ ಪ್ರೊಸೆಸರ್, ಅದರ ನೆತ್ತಿಯ ಮೇಲೆ ಬೇರೊಂದು ಕಂಪನಿ ತಯಾರಿಸಿದ ಮೆಮೊರಿ. ಎರಡೂ ಬೇರೆ ಬೇರೆ ಕಾರ್ಖಾನೆಗಳಲ್ಲಿ ಹುಟ್ಟಿ, ಒಂದರ ಮೇಲೊಂದು ಕೂತು, ಒಂದೇ ಪ್ಯಾಕೇಜಾಗಿ ಬರುತ್ತವೆ. 2016ರ ಐಫೋನ್ 7ರಲ್ಲಿದ್ದ ಎ10 ಚಿಪ್‌ನಿಂದ ಈ ಜೋಡಣೆ ಇನ್ನಷ್ಟು ತೆಳುವಾಯಿತು. ತೈವಾನಿನ ಟಿಎಸ್ಎಂಸಿ ಪ್ರೊಸೆಸರಿನ ಅಡಿಯಲ್ಲಿದ್ದ ದಪ್ಪ ಹಲಗೆಯನ್ನೇ ತೆಗೆದುಹಾಕಿ, ಕೂದಲಿಗಿಂತ ತೆಳುವಾದ ತಾಮ್ರದ ಗೆರೆಗಳನ್ನು ನೇರವಾಗಿ ಚಿಪ್‌ನ ಮೇಲೇ ಹರಡುವ ವಿಧಾನವನ್ನು ತಂದಿತು.

ಹೀಗೆ ಒಂದಕ್ಕಿಂತ ಹೆಚ್ಚು ಸಿಲಿಕಾನ್ ತುಣುಕುಗಳನ್ನು ಒಂದೇ ಪ್ಯಾಕೇಜಿನಲ್ಲಿ ಕೂಡಿಸುವುದೇ ಮಲ್ಟಿಚಿಪ್ ಪ್ಯಾಕೇಜಿಂಗ್. ಚಿಪ್ ಮಾಡಿ ಮುಗಿಸಿದ ಮೇಲೆ ಪ್ಯಾಕೇಜಿನ ಮಾತು ಎಂಬುದು ಹಳೆಯ ಪದ್ಧತಿ. ಈಗ ಅದು ನಡೆಯುವುದಿಲ್ಲ. ತನ್ನ ಚಿಪ್ ಯಾವ ಚಿಪ್‌ನ ಪಕ್ಕದಲ್ಲಿ ಕೂರುತ್ತದೆ, ಯಾವುದರ ಬಿಸಿಯನ್ನು ತಾಳಬೇಕು, ಯಾವ ಅಂಚಿನಿಂದ ಮಾತಾಡಬೇಕು ಎಂಬುದನ್ನು ವಿನ್ಯಾಸಕಾರ ಮೊದಲ ನಕ್ಷೆ ಬರೆಯುವಾಗಲೇ ತಿಳಿದಿರಬೇಕು.

ಅಷ್ಟಕ್ಕೂ ಒಂದೇ ದೊಡ್ಡ ಚಿಪ್ ಮಾಡಿದರೆ ಆಗದೇ? ಎರಡು ಅಡ್ಡಿಗಳಿವೆ. ಚಿಪ್‌ನ ಚಿತ್ರವನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಮೂಡಿಸುವ ಯಂತ್ರಕ್ಕೆ ಒಂದು ಮಿತಿಯಿದೆ. ಅದು ಒಂದು ಸಲಕ್ಕೆ 26 ಮಿಲಿಮೀಟರ್ ಅಗಲ, 33 ಮಿಲಿಮೀಟರ್ ಉದ್ದದ ಜಾಗವನ್ನು ಮಾತ್ರ ಮುದ್ರಿಸಬಲ್ಲದು. ಎರಡನೆಯದು ಖರ್ಚು. ಬಿಲ್ಲೆಯ ಮೇಲೆ ಅಲ್ಲಲ್ಲಿ ದೋಷಗಳು ಇದ್ದೇ ಇರುತ್ತವೆ. ಚಿಪ್ ದೊಡ್ಡದಾದಷ್ಟೂ ಅದರೊಳಗೆ ಒಂದಾದರೂ ದೋಷ ಸಿಕ್ಕಿಬೀಳುವ ಸಂಭವ ಹೆಚ್ಚು, ಸಿಕ್ಕಿಬಿದ್ದರೆ ಇಡೀ ಚಿಪ್ ಕಸಕ್ಕೆ.

ಎಎಂಡಿ ಕಂಪನಿ 2017ರಲ್ಲಿ ತಂದ ಎಪಿಕ್ ಸರ್ವರ್ ಪ್ರೊಸೆಸರಿನ ಲೆಕ್ಕ ಇದನ್ನು ಚೆನ್ನಾಗಿ ತೋರಿಸುತ್ತದೆ. 32 ಕೋರ್‌ಗಳ ಆ ಪ್ರೊಸೆಸರನ್ನು ಒಂದೇ ತುಣುಕಾಗಿ ಮಾಡಿದ್ದರೆ ಸುಮಾರು 777 ಚದರ ಮಿಲಿಮೀಟರ್ ಆಗುತ್ತಿತ್ತು. ಕಂಪನಿ ಅದನ್ನು ತಲಾ 213 ಚದರ ಮಿಲಿಮೀಟರಿನ ನಾಲ್ಕು ತುಣುಕು ಮಾಡಿತು. ಒಟ್ಟು ಸಿಲಿಕಾನ್ 852 ಚದರ ಮಿಲಿಮೀಟರಿಗೆ ಏರಿತು, ಏಕೆಂದರೆ ತುಣುಕುಗಳು ಪರಸ್ಪರ ಮಾತಾಡಲು ಹೆಚ್ಚಿನ ಜಾಗ ಬೇಕು. ಆದರೂ ಚಿಪ್ ತಯಾರಿಕೆಯ ವೆಚ್ಚ ಒಂದೇ ತುಣುಕಿನ ವೆಚ್ಚದ ಶೇಕಡ 59ಕ್ಕೆ ಇಳಿಯಿತೆಂದು ಕಂಪನಿಯ ಎಂಜಿನಿಯರುಗಳೇ ನಂತರ ಪ್ರಕಟಿಸಿದರು. ಸಿಲಿಕಾನ್ ಹೆಚ್ಚು ಬಳಸಿ ಖರ್ಚು ಕಡಿಮೆ ಮಾಡಿದ ಈ ಲೆಕ್ಕವೇ ಇಡೀ ಉದ್ಯಮದ ದಿಕ್ಕನ್ನು ತಿರುಗಿಸಿತು. ಅದೇ ಎಎಂಡಿ 2023ರ ನವೆಂಬರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ಬೆಂಗಳೂರಿನಲ್ಲಿ ತೆರೆದಿದೆ.

ವಿಚಾರ ಹೊಸದೇನಲ್ಲ. ಚಿಪ್‌ಗಳ ಬೆಳವಣಿಗೆಯ ಬಗ್ಗೆ ಗಾರ್ಡನ್ ಮೂರ್ 1965ರಲ್ಲಿ ಬರೆದ ಹೆಸರಾಂತ ಲೇಖನದಲ್ಲೇ, ದೊಡ್ಡ ವ್ಯವಸ್ಥೆಗಳನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಮಾಡಿ ಕೂಡಿಸುವುದು ಅಗ್ಗವಾಗಬಹುದು ಎಂಬ ಸೂಚನೆ ಇದೆ. 1980ರಲ್ಲಿ ಐಬಿಎಂ ಪ್ರಕಟಿಸಿದ 3081 ಕಂಪ್ಯೂಟರಿನಲ್ಲಿ ಅಂಗೈ ಅಗಲದ ಒಂದೊಂದು ಪಿಂಗಾಣಿ ಹಲಗೆಯ ಮೇಲೆ ನೂರಕ್ಕೂ ಹೆಚ್ಚು ಚಿಪ್‌ಗಳಿದ್ದವು. ಹಲಗೆಯೊಳಗೆ 33 ಪದರಗಳ ತಂತಿಜಾಲ.

ಇಂಥ ಪಿಂಗಾಣಿ ಹಲಗೆಯ ಕಷ್ಟ ಏನೆಂಬುದು ಮಾಲೂರಿನವರಿಗೆ ಬೇಗ ಅರ್ಥವಾಗುತ್ತದೆ. ಮಾಲೂರು ಹೆಂಚು, ಇಟ್ಟಿಗೆಗಳ ಊರು. ಹಸಿ ಹೆಂಚು ಗೂಡಿನಲ್ಲಿ ಬೆಂದಾಗ ಕುಗ್ಗುತ್ತದೆ, ಅದಕ್ಕೇ ಅಚ್ಚನ್ನು ದೊಡ್ಡದಾಗಿ ಮಾಡುತ್ತಾರೆ. ಚಿಪ್ ಹೊರುವ ಪಿಂಗಾಣಿಯೂ ಹಾಗೆಯೇ. ಕಡಿಮೆ ಬಿಸಿಗೆ ಬೇಯುವ ಇಂದಿನ ಬಗೆಯಲ್ಲಿ ಹಸಿ ಹಾಳೆಗಳಿಗೆ ತೂತು ಕೊರೆದು, ಬೆಳ್ಳಿಯ ಅಥವಾ ಚಿನ್ನದ ಲೇಪದಿಂದ ಗೆರೆ ಮುದ್ರಿಸಿ, ಒಂದರ ಮೇಲೊಂದಿಟ್ಟು ಒತ್ತಿ, 850ರಿಂದ 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿದರೆ 100 ಮಿಲಿಮೀಟರಿನ ಹಾಳೆ 85ರ ಆಸುಪಾಸಿಗೆ ಇಳಿಯುತ್ತದೆ. ಕುಗ್ಗಿದ ಮೇಲೂ ಸಾವಿರಾರು ಚುಕ್ಕೆಗಳು ಚಿಪ್‌ನ ಚುಕ್ಕೆಗಳಿಗೆ ಸರಿಯಾಗಿ ಎದುರಾಗಬೇಕು. ಬೆಂದ ಹಲಗೆ ಎಷ್ಟು ಕುಗ್ಗೀತು ಎಂಬ ಅಂದಾಜಿನ ಅಂಚು ಎಷ್ಟಿದೆಯೋ, ಚಿಪ್‌ನ ಸಂಪರ್ಕ ಚುಕ್ಕೆಗಳ ನಡುವಿನ ಅಂತರವನ್ನು ಅದಕ್ಕೆ ತಕ್ಕಂತೆ ಬಿಡಬೇಕು.

ಇನ್ನು ಸಂಪರ್ಕದ ಮಾತು. ಇದರಲ್ಲಿ ಕೋಲಾರ ಜಿಲ್ಲೆಗೆ ಬಹಳ ಹತ್ತಿರದ ಒಂದು ವಸ್ತುವಿದೆ, ಚಿನ್ನ. ಕೆಜಿಎಫ್‌ನ ಗಣಿಗಳು 120 ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟು 2001ರ ಫೆಬ್ರವರಿ 28ರಂದು ಮುಚ್ಚಿದವು. ಆಭರಣದ ಚಿನ್ನ ಎಲ್ಲರಿಗೂ ಗೊತ್ತು, ಚಿಪ್‌ನ ಚಿನ್ನ ಕಣ್ಣಿಗೆ ಬೀಳುವುದಿಲ್ಲ. ಚಿಪ್ಪನ್ನು ಹೊರಗಿನ ಕಾಲುಗಳಿಗೆ ಜೋಡಿಸುವ ತಂತಿಯ ದಪ್ಪ ಸಾಮಾನ್ಯವಾಗಿ 25 ಮೈಕ್ರಾನ್, ಅಂದರೆ ಮಿಲಿಮೀಟರಿನ 40ನೇ ಒಂದು ಭಾಗ. ಒಂದು ಗ್ರಾಂ ಚಿನ್ನದಿಂದ ಇಂಥ ತಂತಿ 100 ಮೀಟರಿಗೂ ಮೀರಿ ಎಳೆಯಬಹುದು.

ಈ ತಂತಿ ಕಟ್ಟುವ ಯಂತ್ರದ ಕೆಲಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಮರೆಯುವುದಿಲ್ಲ. ಪಿಂಗಾಣಿಯ ಸೂಜಿಯೊಂದರ ತೂತಿನಿಂದ ತಂತಿಯ ತುದಿ ಇಣುಕುತ್ತದೆ. ಒಂದು ಕಿಡಿ ಹಾರಿ ತುದಿ ಕರಗಿ ಪುಟ್ಟ ಗುಂಡಾಗುತ್ತದೆ. ಸೂಜಿ ಕೆಳಗಿಳಿದು ಆ ಗುಂಡನ್ನು ಬಿಸಿಯಾಗಿರುವ ಚಿಪ್‌ನ ಚೌಕದ ಮೇಲೆ ಒತ್ತುತ್ತದೆ, ಕಿವಿಗೆ ಕೇಳದ ಅಲೆಯಿಂದ ನಡುಗಿಸುತ್ತದೆ, ಲೋಹಗಳು ಬೆಸೆದುಕೊಳ್ಳುತ್ತವೆ. ಸೂಜಿ ಮೇಲೆದ್ದು, ತಂತಿಯನ್ನು ಕಮಾನಿನಂತೆ ಬಾಗಿಸಿ, ಆಚೆ ದಡದ ಕಾಲಿಗೆ ಅದುಮಿ ಕತ್ತರಿಸುತ್ತದೆ. ಒಂದು ಸೆಕೆಂಡಿನಲ್ಲಿ ಇಂಥ ಹತ್ತಾರು ಕಮಾನುಗಳು ಕಟ್ಟಿ ಮುಗಿದಿರುತ್ತವೆ. ಚಿನ್ನದ ಬೆಲೆ ಏರಿದ ಮೇಲೆ ಅನೇಕ ಪ್ಯಾಕೇಜುಗಳಲ್ಲಿ ತಾಮ್ರದ ತಂತಿ ಬಂದಿದೆ. ದೊಡ್ಡ ಕರೆಂಟು ಹರಿಯುವ ಕಡೆ ದಪ್ಪ ಅಲ್ಯುಮಿನಿಯಂ ತಂತಿ ಬಳಸುತ್ತಾರೆ.

ತಂತಿಗೆ ಒಂದು ದೌರ್ಬಲ್ಯವಿದೆ. ಪ್ರತಿ ಮಿಲಿಮೀಟರ್ ಉದ್ದಕ್ಕೂ ಸುಮಾರು ಒಂದು ನ್ಯಾನೋಹೆನ್ರಿ ಇಂಡಕ್ಟನ್ಸ್ ಸೇರಿಕೊಂಡು ವೇಗದ ಸಂಕೇತವನ್ನು ಕೆಡಿಸುತ್ತದೆ. ಜೊತೆಗೆ ತಂತಿಗಳನ್ನು ಚಿಪ್‌ನ ಅಂಚಿನಲ್ಲಿ ಮಾತ್ರ ಕಟ್ಟಲು ಅನುಕೂಲ. ಅದಕ್ಕಾಗಿ ಚಿಪ್ಪನ್ನು ಬೋರಲು ಹಾಕಿ, ಅದರ ಮೈತುಂಬ ಬೆಸುಗೆಯ ಪುಟ್ಟ ಉಬ್ಬುಗಳಾದ ಗುಬ್ಬಿಗಳನ್ನು ಇಟ್ಟು ನೇರವಾಗಿ ಹಲಗೆಗೆ ಕೂರಿಸುವ ಫ್ಲಿಪ್ ಚಿಪ್ ವಿಧಾನ ಬಂತು. ಐಬಿಎಂ 1960ರ ದಶಕದಲ್ಲೇ ಇದನ್ನು ಬಳಸಿತ್ತು. ಇಲ್ಲಿ ವಿನ್ಯಾಸಕಾರ ಎಚ್ಚರ ತಪ್ಪುವ ಒಂದು ಜಾಗವಿದೆ. ಚಿಪ್ ಬೋರಲಾದಾಗ ಅದರ ಎಡಬಲ ಅದಲುಬದಲಾಗುತ್ತದೆ. ಚಿಪ್‌ನ ನಕ್ಷೆಯನ್ನೂ ಹಲಗೆಯ ನಕ್ಷೆಯನ್ನೂ ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕೂತು ಬರೆದರೆ, ತಿಂಗಳುಗಟ್ಟಲೆ ಕಾದು ಬಂದ ಚಿಪ್‌ನ ವಿದ್ಯುತ್ ಗುಬ್ಬಿ ಹೋಗಿ ಸಂಕೇತದ ಚುಕ್ಕೆಯ ಮೇಲೆ ಕೂರುತ್ತದೆ. ಎರಡು ನಕ್ಷೆಗಳನ್ನೂ ಒಂದೇ ಪರದೆಯ ಮೇಲೆ ಒಂದರ ಮೇಲೊಂದಿಟ್ಟು ನೋಡುವುದು ಅದಕ್ಕೇ ನಿಯಮವಾಗಿದೆ.

ಪ್ಯಾಕೇಜಿಗೆಂದೇ ಚಿಪ್ ಮಾಡುವಾಗ ಬದಲಾಗುವ ಇನ್ನೊಂದು ಭಾಗ, ಸಂಕೇತವನ್ನು ಹೊರಗೆ ತಳ್ಳುವ ಡ್ರೈವರ್. ಒಂಟಿ ಚಿಪ್ ತನ್ನ ಸಂಕೇತವನ್ನು ಬೋರ್ಡಿನ ಮೇಲೆ ಅನೇಕ ಸೆಂಟಿಮೀಟರ್ ದೂರ ಕಳಿಸಬೇಕು. ಅಷ್ಟು ಹೊರೆ ಹೊರಲು ದೊಡ್ಡ ಟ್ರಾನ್ಸಿಸ್ಟರ್ ಬೇಕು, ಅದಕ್ಕೆ ಹೆಚ್ಚು ವಿದ್ಯುತ್ ಬೇಕು. ನೆರೆಯ ಚಿಪ್ ಎರಡು ಮಿಲಿಮೀಟರ್ ದೂರದಲ್ಲಿದ್ದರೆ ಡ್ರೈವರ್ ಚಿಕ್ಕದಾಗಬಹುದು, ವೋಲ್ಟೇಜು ಇಳಿಯಬಹುದು, ಉಳಿದ ಜಾಗದಲ್ಲಿ ಇನ್ನಷ್ಟು ಸಂಪರ್ಕಗಳನ್ನು ತುಂಬಬಹುದು. ಹೊರಗಿನ ಸ್ಥಿರ ವಿದ್ಯುತ್ತಿನ ಹೊಡೆತ ತಗಲದ ಒಳಸಂಪರ್ಕಗಳಿಗೆ ರಕ್ಷಣೆಯ ಸರ್ಕ್ಯೂಟನ್ನೂ ಚಿಕ್ಕದು ಮಾಡಬಹುದು. ಬೋರ್ಡಿಗಾಗಿ ಮಾಡಿದ ಹಳೆಯ ಚಿಪ್ಪನ್ನು ಹಾಗೇ ತಂದು ಪ್ಯಾಕೇಜಿನಲ್ಲಿ ಕೂರಿಸಿದರೆ ಈ ಲಾಭ ಯಾವುದೂ ದಕ್ಕುವುದಿಲ್ಲ.

ಮುಂದಾಲೋಚನೆ ಎಷ್ಟು ಮುಂಚೆ ಬೇಕು ಎಂಬುದಕ್ಕೆ ಆಪಲ್‌ನದೇ ಇನ್ನೊಂದು ಉದಾಹರಣೆ ಇದೆ. 2021ರ ಅಕ್ಟೋಬರಿನಲ್ಲಿ ಎಂ1 ಮ್ಯಾಕ್ಸ್ ಚಿಪ್ ಮಾರುಕಟ್ಟೆಗೆ ಬಂದಾಗ, ಅದರ ಒಂದು ಅಂಚಿನಲ್ಲಿ ಇನ್ನೊಂದು ಚಿಪ್ ಜೊತೆ ಸೇರುವ ಸಂಪರ್ಕ ಪಟ್ಟಿ ಆಗಲೇ ಇತ್ತು, ಕಂಪನಿ ಅದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. 2022ರ ಮಾರ್ಚಿನಲ್ಲಿ ಅಂಥ ಎರಡು ಚಿಪ್‌ಗಳನ್ನು ಅಂಚಿಗೆ ಅಂಚು ಸೇರಿಸಿ ಎಂ1 ಅಲ್ಟ್ರಾ ಬಂತು. ಅವೆರಡರ ನಡುವೆ 10,000ಕ್ಕೂ ಹೆಚ್ಚು ಸಂಕೇತದ ದಾರಿಗಳಿವೆ. ಅದೇ ತಿಂಗಳು, ಬೇರೆ ಬೇರೆ ಕಂಪನಿಗಳ ಚಿಪ್ ತುಣುಕುಗಳು ಪರಸ್ಪರ ಮಾತಾಡಲಿ ಎಂದು ಇಂಟೆಲ್, ಎಎಂಡಿ, ಟಿಎಸ್ಎಂಸಿ ಮೊದಲಾದವು ಸೇರಿ ಯುಸಿಐಇ ಎಂಬ ಸಾಮಾನ್ಯ ನಿಯಮಾವಳಿಯನ್ನು ಪ್ರಕಟಿಸಿದವು. ಅದರಲ್ಲಿ ಸಾಧಾರಣ ಪ್ಯಾಕೇಜಿಗೆ ಗುಬ್ಬಿಯಿಂದ ಗುಬ್ಬಿಗೆ 100ರಿಂದ 130 ಮೈಕ್ರಾನ್, ಮುಂದುವರಿದ ಪ್ಯಾಕೇಜಿಗೆ 25ರಿಂದ 55 ಮೈಕ್ರಾನ್ ಅಂತರ.

ಬಿಸಿಯ ಸಮಸ್ಯೆ ಬೇರೆಯೇ ಇದೆ. ಸಿಲಿಕಾನ್ ಬಿಸಿಗೆ ಹಿಗ್ಗುವುದು ತೀರಾ ಕಡಿಮೆ, ಅಡಿಯ ಹಲಗೆ ಪಿಂಗಾಣಿಯದಲ್ಲದೆ ರಾಳದ್ದಾದರೆ ಹಿಗ್ಗುವುದು ಅದರ ಐದಾರು ಪಟ್ಟು. 20 ಮಿಲಿಮೀಟರ್ ಅಗಲದ ಚಿಪ್ 100 ಡಿಗ್ರಿ ಬಿಸಿಯಾದರೆ ಚಿಪ್‌ಗೂ ಹಲಗೆಗೂ ಸುಮಾರು 26 ಮೈಕ್ರಾನ್ ವ್ಯತ್ಯಾಸ ಬೀಳುತ್ತದೆ. ಅಷ್ಟೂ ಎಳೆತವನ್ನು ಗುಬ್ಬಿಗಳೇ ತಡೆಯಬೇಕು, ಮೂಲೆಯವಕ್ಕೆ ಹೆಚ್ಚು ಪೆಟ್ಟು. ಚಿಪ್‌ನ ಅಡಿಗೆ ಅಂಟು ರಾಳ ಹರಿಸಿ ಗಟ್ಟಿ ಮಾಡುವುದು ಒಂದು ಪರಿಹಾರ. ಮುಖ್ಯ ಸಂಕೇತಗಳನ್ನು ಮೂಲೆಯ ಗುಬ್ಬಿಗಳಿಗೆ ಕೊಡದೆ ನಡುವಿಗೆ ತರುವುದು ವಿನ್ಯಾಸಕಾರ ಮಾಡಬಹುದಾದ ಪರಿಹಾರ. ಮೆಮೊರಿಯ ವಿಷಯದಲ್ಲಂತೂ ಇನ್ನೂ ಹುಷಾರಾಗಿರಬೇಕು. 85 ಡಿಗ್ರಿ ದಾಟಿದರೆ ಡಿರ‍್ಯಾಮ್ ಮೆಮೊರಿ ತನ್ನ ಮಾಹಿತಿಯನ್ನು ಎರಡು ಪಟ್ಟು ಬೇಗ ಬೇಗ ನವೀಕರಿಸಿಕೊಳ್ಳಬೇಕಾಗುತ್ತದೆ. ಹೀಗಾಗಿ ಅದರ ಕೆಳಗೆ ಕೂರುವ ಪ್ರೊಸೆಸರಿನ ಬಿಸಿ ಭಾಗ ಎಲ್ಲಿರಬೇಕು ಎಂಬುದು ಪ್ರೊಸೆಸರಿನವರೂ ಮೆಮೊರಿಯವರೂ ಸೇರಿ ತೀರ್ಮಾನಿಸುವ ಸಂಗತಿ.

ಇವೆಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಪರೀಕ್ಷೆಯದು. ಇದಕ್ಕೆ ಉದಾಹರಣೆ ನಮ್ಮ ರಾಜ್ಯದ ಕಂಪನಿಯೊಂದರಲ್ಲೇ ಇದೆ. ಮೈಸೂರಿನಲ್ಲಿ 1988ರಲ್ಲಿ ಹುಟ್ಟಿದ ಕೇನ್ಸ್ ಟೆಕ್ನಾಲಜಿ ಇವತ್ತು ಗುಜರಾತಿನ ಸಾಣಂದದಲ್ಲಿ ಚಿಪ್ ಪ್ಯಾಕೇಜಿಂಗ್ ಘಟಕ ನಡೆಸುತ್ತಿದೆ. 2025ರ ಅಕ್ಟೋಬರಿನಲ್ಲಿ ಅಲ್ಲಿಂದ 900 ಮಲ್ಟಿಚಿಪ್ ಮಾಡ್ಯೂಲ್‌ಗಳು ಅಮೆರಿಕದ ಆಲ್ಫಾ ಅಂಡ್ ಒಮೆಗಾ ಸೆಮಿಕಂಡಕ್ಟರ್ ಕಂಪನಿಗೆ ಹೋದವು. ಭಾರತದಲ್ಲಿ ಪ್ಯಾಕೇಜ್ ಆಗಿ ಹೊರಗೆ ಹೋದ ಮೊದಲ ವಾಣಿಜ್ಯ ಮಲ್ಟಿಚಿಪ್ ಮಾಡ್ಯೂಲ್ ಎಂದು ಅದು ಸುದ್ದಿಯಾಯಿತು. ಮೋಟಾರು ನಡೆಸುವ ಆ ಒಂದೊಂದು ಮಾಡ್ಯೂಲಿನಲ್ಲಿ 17 ಸಿಲಿಕಾನ್ ತುಣುಕುಗಳಿವೆ. ಕರೆಂಟನ್ನು ಹರಿಸಿ ನಿಲ್ಲಿಸುವ ಐಜಿಬಿಟಿ ಆರು, ಅವುಗಳ ಜೊತೆಗಾರ ವೇಗದ ಡಯೋಡು ಆರು, ಬೇರೆ ಡಯೋಡು ಮೂರು, ಎಲ್ಲವನ್ನೂ ಆಳುವ ನಿಯಂತ್ರಕ ಚಿಪ್ ಎರಡು.

ಈ 17 ತುಣುಕುಗಳಲ್ಲಿ ಒಂದು ಕೆಟ್ಟದ್ದಾದರೂ ಉಳಿದ 16 ಒಳ್ಳೆಯವೂ ಅದರ ಜೊತೆಗೆ ಹಾಳು. ಪ್ರತಿ ತುಣುಕೂ 100ಕ್ಕೆ 99ರಷ್ಟು ಸರಿಯಿರುವ ರಾಶಿಯಿಂದ ಬಂದಿದ್ದರೆ, 17 ಸೇರಿದ ಮಾಡ್ಯೂಲ್ ಸರಿಯಿರುವುದು 100ಕ್ಕೆ 84 ಮಾತ್ರ. 1000ಕ್ಕೆ 999 ಸರಿಯಿದ್ದರೆ 98ರ ಮೇಲೆ ಹೋಗುತ್ತದೆ. ಆದ್ದರಿಂದ ಪ್ಯಾಕೇಜಿಗೆ ಕಾಲಿಡುವ ಮೊದಲೇ ಪ್ರತಿ ತುಣುಕೂ ಪಾಸಾಗಿರಬೇಕು. ಉದ್ಯಮದವರು ಇದನ್ನು ನೋನ್ ಗುಡ್ ಡೈ ಎನ್ನುತ್ತಾರೆ. ಆದರೆ 50 ಮೈಕ್ರಾನ್ ಅಂತರದ ಗುಬ್ಬಿಗಳಿಗೆಲ್ಲ ಪರೀಕ್ಷೆಯ ಸೂಜಿ ಮುಟ್ಟಿಸುವುದು ಸುಲಭವಲ್ಲ. ಚಿಪ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಸರ್ಕ್ಯೂಟು, ಸೂಜಿ ತಾಗಲು ಬಿಟ್ಟ ಕೆಲವು ದೊಡ್ಡ ಚೌಕ, ಸೂಜಿ ಮುಟ್ಟಿಸದೆ ಸಂಪರ್ಕಗಳನ್ನು ಪರೀಕ್ಷಿಸುವ, 1990ರಿಂದ ಬಳಕೆಯಲ್ಲಿರುವ ಬೌಂಡರಿ ಸ್ಕ್ಯಾನ್ ಸರಪಳಿ, ಒಂದು ದಾರಿ ಕೆಟ್ಟರೆ ಬದಲಿಗೆ ಇರಲೆಂದು ಕೆಲವು ಹೆಚ್ಚುವರಿ ದಾರಿ, ಇಷ್ಟನ್ನೂ ನಕ್ಷೆಯಲ್ಲಿ ಸೇರಿಸಬೇಕು. ಪ್ಯಾಕೇಜ್ ಮುಚ್ಚಿದ ಮೇಲೆ ಒಳಗೆ ಕೈ ಹಾಕಲು ಆಗದು.

ಕೋಲಾರದ ಕಡೆಯವರಿಗೆ ಇಂಥ ಪವರ್ ಮಾಡ್ಯೂಲ್ ದೂರದ ವಸ್ತುವಲ್ಲ. ಮುಳಬಾಗಿಲಿನ ಹೊಲದಲ್ಲಿ ಸೌರ ಫಲಕದಿಂದ ಓಡುವ ಕೊಳವೆಬಾವಿಯ ಪಂಪು, ಶ್ರೀನಿವಾಸಪುರದ ಮಾವು ಇಡುವ ತಣ್ಣನೆಯ ಕೋಣೆಯಲ್ಲಿ ವೇಗ ಬದಲಿಸಿಕೊಂಡು ನಡೆಯುವ ಕಂಪ್ರೆಸರ್, ಇವುಗಳ ಡ್ರೈವ್ ಪೆಟ್ಟಿಗೆಯೊಳಗೆ ಇದೇ ಜಾತಿಯ ಮಾಡ್ಯೂಲ್ ಇರುತ್ತದೆ. ಮಾಡ್ಯೂಲ್ ಸುಟ್ಟರೆ ಮಧ್ಯದ ಒಂದು ತುಣುಕನ್ನು ಬದಲಿಸಲು ಬರುವುದಿಲ್ಲ, ಇಡೀ ಮಾಡ್ಯೂಲ್ ಹೊಸದು ಬೇಕು. ಬಿಸಿಲು, ದೂಳು, ಏರಿಳಿಯುವ ವೋಲ್ಟೇಜು ಇರುವ ಈ ನೆಲಕ್ಕೆ ಒಗ್ಗುವ ಮಾಡ್ಯೂಲನ್ನು ಇಲ್ಲಿಯ ಅನುಭವ ಇರುವವರೇ ವಿನ್ಯಾಸ ಮಾಡಿದರೆ ರೈತರಿಗೆ ನೇರವಾಗಿ ಉಪಕಾರವಾಗುತ್ತದೆ.

ಅಂಥವರನ್ನು ಬೆಳೆಸಲು ಬೇಕಾದ ನೆಲ ಕರ್ನಾಟಕದಲ್ಲಿ ಸಿದ್ಧವಾಗಿದೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಚಿಪ್ ವಿನ್ಯಾಸ ಈ ನಗರದ ದಿನದ ಕಸುಬಾಯಿತು. ಪಿಂಗಾಣಿ ಹಲಗೆಯ ಮೇಲೆ ಬರಿಮೈ ಚಿಪ್‌ಗಳನ್ನು ಕೂರಿಸುವ ಹೈಬ್ರಿಡ್ ಸರ್ಕ್ಯೂಟುಗಳನ್ನು ಬೆಂಗಳೂರಿನ ಬಿಇಎಲ್ ಮತ್ತು ಸೆಂಟಮ್ ಎಲೆಕ್ಟ್ರಾನಿಕ್ಸ್ ರಕ್ಷಣೆಗೂ ಬಾಹ್ಯಾಕಾಶಕ್ಕೂ ಮಾಡಿಕೊಟ್ಟಿವೆ. ಕೋಲಾರ ತಾಲ್ಲೂಕಿನ ವೇಮಗಲ್‌ನಲ್ಲಿ ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್ ಜೋಡಿಸಿದ ಟಿಸ್ಯಾಟ್-1ಎ ಉಪಗ್ರಹ 2024ರ ಏಪ್ರಿಲ್ 7ರಂದು ಕಕ್ಷೆಗೆ ಹಾರಿತು. ವಿನ್ಯಾಸ ಬೆಂಗಳೂರಿನಲ್ಲಿದೆ, ಜೋಡಣೆ ನರಸಾಪುರ ಮತ್ತು ವೇಮಗಲ್‌ನಲ್ಲಿದೆ. ಇವೆರಡರ ನಡುವಿನ ಕೊಂಡಿ ಪ್ಯಾಕೇಜಿಂಗ್. ಆ ಕೊಂಡಿಯನ್ನು ಬಲ್ಲವರು ಕೋಲಾರ ಜಿಲ್ಲೆಯಲ್ಲೇ ತಯಾರಾಗಬೇಕು.

ನಮ್ಮ ದೇಶಕ್ಕೆ ಮಲ್ಟಿಚಿಪ್ ಪ್ಯಾಕೇಜಿಂಗ್‌ನಿಂದ ಇನ್ನೊಂದು ಅನುಕೂಲವೂ ಇದೆ. ಮೊಹಾಲಿಯ ಸರ್ಕಾರಿ ಸೆಮಿಕಂಡಕ್ಟರ್ ಪ್ರಯೋಗಾಲಯದಲ್ಲಿ ಇರುವುದು 180 ನ್ಯಾನೋಮೀಟರ್ ತಂತ್ರಜ್ಞಾನ, ಇಸ್ರೋದ ವಿಕ್ರಮ್ 3201 ಪ್ರೊಸೆಸರ್ ತಯಾರಾದದ್ದೂ ಅಲ್ಲೇ. ಫೋನಿನ ಪ್ರೊಸೆಸರಿಗೆ ಅದು ಸಾಲದು. ಆದರೆ ಸೆನ್ಸರ್, ವಿದ್ಯುತ್ ನಿಯಂತ್ರಣ, ಅನಲಾಗ್ ಸರ್ಕ್ಯೂಟುಗಳಿಗೆ ಚೆನ್ನಾಗಿ ಹೊಂದುತ್ತದೆ. ಒಂದೇ ಪ್ಯಾಕೇಜಿನಲ್ಲಿ ಹೊರದೇಶದ ವೇಗದ ಡಿಜಿಟಲ್ ತುಣುಕಿನ ಪಕ್ಕ ನಮ್ಮಲ್ಲೇ ಮಾಡಿದ ಅನಲಾಗ್ ತುಣುಕು ಕೂರಬಹುದು. ಎಲ್ಲವನ್ನೂ ಅತ್ಯಾಧುನಿಕ ಕಾರ್ಖಾನೆಯಲ್ಲೇ ಮಾಡಬೇಕೆಂಬ ಒತ್ತಡ ಇರುವುದಿಲ್ಲ.

ಕಾಲೇಜಿನ ಅಧ್ಯಾಪಕರಲ್ಲಿ, ವಿದ್ಯಾರ್ಥಿಗಳಲ್ಲಿ ಒಂದು ಕೇಳಿಕೆ. 85,000 ಎಂಜಿನಿಯರುಗಳನ್ನು ತಯಾರು ಮಾಡುವ ಗುರಿಯ ಚಿಪ್ಸ್ ಟು ಸ್ಟಾರ್ಟ್‌ಅಪ್ ಯೋಜನೆಯನ್ನು ಕೇಂದ್ರ ಸರ್ಕಾರ ನಡೆಸುತ್ತಿದೆ. ಅದರಡಿ ದುಬಾರಿ ವಿನ್ಯಾಸ ತಂತ್ರಾಂಶಗಳನ್ನು ಕಾಲೇಜುಗಳಿಗೆ ಒದಗಿಸುವ ಚಿಪ್ ಇನ್ ಕೇಂದ್ರ ಇರುವುದು ಬೆಂಗಳೂರಿನ ಸಿಡ್ಯಾಕ್‌ನಲ್ಲಿ, ಕೋಲಾರದಿಂದ ಒಂದೆರಡು ಗಂಟೆಯ ದಾರಿ. ಅಲ್ಲಿಗೆ ಹೋಗುವ ಮೊದಲೂ ಕೆಲಸ ಶುರುಮಾಡಬಹುದು. ಮ್ಯಾಜಿಕ್, ಓಪನ್‌ರೋಡ್, ಕೈಕ್ಯಾಡ್ ತಂತ್ರಾಂಶಗಳು ಉಚಿತ. ಸ್ಕೈವಾಟರ್ ಕಂಪನಿಯ 130 ನ್ಯಾನೋಮೀಟರ್ ವಿನ್ಯಾಸ ನಿಯಮಗಳೂ 2020ರಿಂದ ಎಲ್ಲರಿಗೂ ತೆರೆದಿವೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂಟಿ ಚಿಪ್‌ನ ಬದಲು ಎರಡು ಚಿಪ್‌ಗಳ ಒಂದು ಪ್ಯಾಕೇಜನ್ನು ಆರಿಸಿಕೊಳ್ಳಿ. ಒಬ್ಬರು ಸೆನ್ಸರ್ ತುಣುಕು ಬರೆಯಲಿ, ಇನ್ನೊಬ್ಬರು ನಿಯಂತ್ರಕ ತುಣುಕು ಬರೆಯಲಿ, ಮೂರನೆಯವರು ಅವೆರಡನ್ನೂ ಹೊರುವ ಹಲಗೆ ಬರೆಯಲಿ. ಮೂವರೂ ಮೊದಲ ದಿನದಿಂದಲೇ ಒಂದೇ ಮೇಜಿನ ಸುತ್ತ ಕೂರಲಿ.